ಕರುಣಾಶ್ರಯ, ಮಾರತಹಳ್ಳಿ: ಅಪ್ಪನ ಕಡೆಯ 19 ದಿನ

"ಹತ್ತಕ್ಕೆ ಎಷ್ಟು ನೋವು ತಾತ?" ಅಂತ ಕರುಣಾಶ್ರಯದ ಸಿಸ್ಟರ್ ಕೇಳಿದರು. ಗುಣವಾಗದ ಕ್ಯಾನ್ಸರ್ ಇರುವವರ ನೋವು ತಗ್ಗಿಸಿ ನೋಡಿಕೊಳ್ಳುವ ಬೆಂಗಳೂರಿನ ಹಾಸ್ಪೈಸ್ ಇದು. "ಹನ್ನೆರಡು ಅಂತ ಬರ್ಕೊಳ್ಳಮ್ಮ" ಅಂದರು ಅಪ್ಪ. ಅವರು ನಗದೆ ಹಾಗೇ ಬರೆದುಕೊಂಡರು. ಅಷ್ಟಕ್ಕೇ ಅಪ್ಪನಿಗೆ ಜಾಗ ಹಿಡಿಸಿತು.

ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಎರಡು ವರ್ಷದ ತನಕ, ಮೂರು ತಿಂಗಳಿಗೊಂದರಂತೆ ಹಾರ್ಮೋನ್ ಇಂಜೆಕ್ಷನ್. ಬೀಜ (ವೃಷಣ) ತೆಗೆಯುವ ಸಣ್ಣ ಆಪರೇಷನ್ ಒಂದು ಸಲ ಮಾಡಿಸಿದರೆ ಆ ಖರ್ಚು ತಪ್ಪುತ್ತೆ ಅಂತ ಡಾಕ್ಟರ್ ಹೇಳಿದ್ದರು. ಈ ವಯಸ್ಸಲ್ಲಿ ಅದೊಂದು ಬಾಕಿ ಇತ್ತಾ ಅಂತ ಅಪ್ಪ ಒಪ್ಪಲೇ ಇಲ್ಲ. ಕೊನೆಗೆ ಇಂಜೆಕ್ಷನ್ ಕೆಲಸ ಮಾಡುವುದು ನಿಂತಾಗ, ನಾವು ತೋರಿಸುತ್ತಿದ್ದ ಆಸ್ಪತ್ರೆಯವರು ಪ್ಯಾರಾಸಿಟಮಾಲ್ ಬರೆದುಕೊಟ್ಟು "ಮನೆಗೆ ಕರ್ಕೊಂಡ್ಹೋಗಿ" ಅಂದರು, ಅಷ್ಟೇ. ರಾತ್ರಿಯೆಲ್ಲ ಅಪ್ಪ ಗೋಡೆಗೆ ಒರಗಿ ಕೂತಿರುತ್ತಿದ್ದರು.

ಕರುಣಾಶ್ರಯ ಅಂದರೆ ಸಾಯೋಕೆ ಕಳಿಸುವ ಜಾಗ ಅಂತ ಅಮ್ಮ ಒಂದು ತಿಂಗಳು ತಡೆದರು. ಆ ತಿಂಗಳು ಸುಮ್ನೆ ಹಾಳಾಯಿತು ಅಂತ ನನಗೆ ಇವತ್ತಿಗೂ ಸಿಟ್ಟಿದೆ. ಅಮ್ಮನ ಮೇಲಲ್ಲ, ನನ್ನ ಮೇಲೆ. ಮನೆಗೇ ಬಂದು ನೋಡುವ ಟೀಮ್ ಕೂಡ ಇವರಲ್ಲಿದೆ, ನಾನು ವಿಚಾರಿಸಿರಲೇ ಇಲ್ಲ.

ಇದನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಶುರುವಾಗಿದ್ದು 1994ರಲ್ಲಿ, ಕಟ್ಟಡ ತೆರೆದಿದ್ದು 1999ರಲ್ಲಿ. ಕಲ್ಲಿನ ಗೋಡೆ, ಮಧ್ಯೆ ನೀರಿನ ಕೊಳ. ಆಸ್ಪತ್ರೆ ವಾಸನೆ ನನಗಂತೂ ಬರಲಿಲ್ಲ. ನೋವಿಗೆ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಂದು. ಅದರ ಜೊತೆ, ಅದು ತರುವ ಮಲಬದ್ಧತೆಗೂ ಔಷಧಿ ಕಡ್ಡಾಯ, ಯಾಕೆ ಅಂತ ಅಮ್ಮನನ್ನು ಕೂರಿಸಿಕೊಂಡು ಕನ್ನಡದಲ್ಲೇ ವಿವರಿಸಿದರು. ಮೂರನೇ ದಿನ ನೋವು ಹತ್ತಕ್ಕೆ ಮೂರು. ಅವತ್ತು ಅಪ್ಪ ಕೇಳಿದ್ದು ಮಾತ್ರೆಯಲ್ಲ, ಕಾಫಿ. ಅದೂ ಸ್ಟ್ರಾಂಗ್ ಇಲ್ಲ ಅಂತ ತಕರಾರು ಬೇರೆ! ನಮಗೆ ಹಳೇ ಅಪ್ಪ ವಾಪಸ್ ಸಿಕ್ಕ ಹಾಗಾಯಿತು.

ದುಡ್ಡು? ಒಂದು ರೂಪಾಯಿ ಇಲ್ಲ. ಬಿಲ್ ಎಲ್ಲಿ ಕಟ್ಟೋದು ಅಂತ ಅಣ್ಣ ಎರಡು ಸಲ ಕೇಳಿ ಬಂದ. ನಡೆಯುವುದೆಲ್ಲ ಜನರ ದೇಣಿಗೆಯ ಬಲದಿಂದ.

ಒಂದು ತಿಳಿದಿರಲಿ, ಇಲ್ಲಿ ಕ್ಯಾನ್ಸರ್ ಗುಣಪಡಿಸುವ ಚಿಕಿತ್ಸೆ ಕೊಡುವುದಿಲ್ಲ. ಗುಣವಾಗುವ ಹಂತ ದಾಟಿದವರಿಗೆ ಮಾತ್ರ ಈ ಜಾಗ. ಆಪರೇಷನ್, ರೇಡಿಯೇಷನ್‌ಗೆ ದುಡ್ಡು ಬೇಕಿದ್ದರೆ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ. 30, ಅಂದರೆ ಜಾಸ್ತಿ ಅಂದರೆ ಒಂದೂವರೆ ಲಕ್ಷ.

ಹೋಗುವ ಮುಂಚೆ ಫೋನ್ ಮಾಡಿ, ಬಯಾಪ್ಸಿ, ಸ್ಕ್ಯಾನ್ ರಿಪೋರ್ಟ್ ಎಲ್ಲ ಒಂದೇ ಫೈಲ್‌ನಲ್ಲಿ ಇಟ್ಟುಕೊಳ್ಳಿ. ಮತ್ತೆ ಸಂಜೆ ಹೊತ್ತು ಮಾರತಹಳ್ಳಿ ಟ್ರಾಫಿಕ್‌ಗೆ ಮಾತ್ರ ಇಳಿಯಬೇಡಿ. ನಾವು ಇಳಿದು, ಒಂದೊಂದು ರೋಡ್ ಹಂಪ್‌ಗೂ ಅಪ್ಪನ ಹತ್ತಿರ ಬೈಸಿಕೊಂಡೆವು.