ನಡಿಗೆ, ಸೈಕಲ್, ಮರಳು ಚೀಲ, ಈಜುಕೊಳ: ಸವೆದ ಮಂಡಿ, ಸೊಂಟದ ಕೀಲಿಗೆ ಯಾವುದು ಒಗ್ಗಿತು?

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ನಾನು ಕಟಿಂಗ್ ಮಾಸ್ಟರ್. ಬೆಳಗ್ಗೆ ಟೇಬಲ್ ಮುಂದೆ ನಿಂತರೆ ಸಂಜೆವರೆಗೂ ನಿಂತೇ ಇರಬೇಕು. ನನಗೆ ಬಲ ಮಂಡಿ ಸವೆದಿದೆ. ಸಿರುಗುಪ್ಪದ ನಮ್ಮ ಅಕ್ಕನಿಗೆ ಎಡ ಸೊಂಟದ ಕೀಲು. ಅಕ್ಕ ಬಹಳ ದಿನ ಮಂಡಿನೋವು ಅಂತಲೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸೊಂಟದ ಕೀಲಿನ ನೋವು ತೊಡೆಸಂದಿನಿಂದ ಮಂಡಿವರೆಗೂ ಇಳಿಯುತ್ತದೆ, ಹಾಗಾಗಿ ಗೊತ್ತಾಗೋದು ಕಷ್ಟ. ಕಾಲಿನ ಉಗುರು ತೆಗೆಯೋಕೆ ಬಗ್ಗಲು ಆಗ್ತಿಲ್ಲ ಅಂತ ಅವಳು ಹೇಳಿದ ಮೇಲೆ ಡಾಕ್ಟರ್ ಕಾಲನ್ನು ಒಳಕ್ಕೆ ತಿರುಗಿಸಿ ನೋಡಿದರು. ಅಲ್ಲಿ ಸಿಕ್ಕಿತು.

ಇಬ್ಬರಿಗೂ ಹೇಳಿದ್ದು ಒಂದೇ: ದಿನಾ ವ್ಯಾಯಾಮ ಮಾಡಿ. ಯಾವ ವ್ಯಾಯಾಮ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಇಬ್ಬರೂ ಮಾಡಿ ನೋಡಿದೆವು. ಒಂದೇ ವ್ಯಾಯಾಮ ಮಂಡಿಗೊಂದು ಥರ, ಸೊಂಟಕ್ಕೊಂದು ಥರ ಕೆಲಸ ಮಾಡಿತು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ನೋವಿದ್ದಾಗ ಕಾಲು ಆಡಿಸೋದು ಯಾಕೆ ಅಂತ ಕೇಳುವವರು ಜಾಸ್ತಿ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪು ಪದರ ಮೃದ್ವಸ್ಥಿ, ಸವೆಯುವುದು ಅದೇ. ಅದಕ್ಕೆ ರಕ್ತನಾಳಗಳಿಲ್ಲ. ಭಾರ ಬಿದ್ದು, ಭಾರ ತೆಗೆದಾಗ ಒಳಗಿನ ದ್ರವ ಒಳಹೊರಗೆ ಆಡುತ್ತದೆ. ಅದಕ್ಕೆ ಆಹಾರ ಸಿಗುವುದು ಹೀಗೆ. ಸುಮ್ನೆ ಕೂತರೆ ತೊಡೆಯ ಸ್ನಾಯು ಸೊರಗಿ, ಅದು ಹೊರಬೇಕಾದ ಭಾರವೂ ಕೀಲಿನ ಮೇಲೇ ಬೀಳುತ್ತದೆ. ಸವೆದದ್ದು ವ್ಯಾಯಾಮದಿಂದ ಮತ್ತೆ ಬೆಳೆಯಲ್ಲ. ನೋವು ಕಮ್ಮಿಯಾಗುತ್ತದೆ, ಓಡಾಟ ಸಲೀಸಾಗುತ್ತದೆ, ಅಷ್ಟೇ.

ಮೊದಲು ನಡಿಗೆ, ಖರ್ಚಿಲ್ಲವಲ್ಲ. ನನ್ನ ಮಂಡಿಗೆ ಸಮತಟ್ಟಾದ ಮಣ್ಣಿನ ಟ್ರ್ಯಾಕ್ ಒಗ್ಗಿತು, ಕಾಂಕ್ರೀಟ್ ರಸ್ತೆ ಒಗ್ಗಲಿಲ್ಲ. ಚಪ್ಪಲಿ ಬಿಟ್ಟು ಮೆತ್ತನೆ ಶೂ ಹಾಕಿದ ಮೇಲೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ತೊಂದರೆ ನಮ್ಮ ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಬೆಳಗ್ಗೆ ಏಳಕ್ಕೆ ಎದ್ದರೆ ಆಗಲೇ ತಡ. ಬೇಸಿಗೆ ಬಂದಾಗೆಲ್ಲ ನಡಿಗೆ ತಪ್ಪುತ್ತದೆ, ತಪ್ಪಿದರೆ ಮಂಡಿ ಮತ್ತೆ ಹಿಡಿಯುತ್ತದೆ. ಅಕ್ಕ ಸಿರುಗುಪ್ಪದಲ್ಲಿ ಕಾಲುವೆ ದಂಡೆ ಮೇಲೆ ನಡೆಯುತ್ತಿದ್ದಳು. ಏರುಪೇರಿನ ಆ ದಾರಿಯಲ್ಲಿ ಸೊಂಟ ಒಂದು ಕಡೆ ವಾಲಿ ರಾತ್ರಿ ನೋವು ಜಾಸ್ತಿಯಾಗುತ್ತಿತ್ತು. ಅವಳಿಗೆ ನಡಿಗೆ ಕೂಡಿಬಂದದ್ದು ಕೋಲು ಹಿಡಿದ ಮೇಲೆ. ಕೋಲು ನೋವಿರುವ ಕಡೆ ಅಲ್ಲ, ಎದುರು ಕೈಯಲ್ಲಿರಬೇಕು. ಎಡ ಸೊಂಟಕ್ಕೆ ಬಲಗೈ. ಇದನ್ನು ತಿಳಿಯದೆ ಊರೆಲ್ಲ ಉಲ್ಟಾ ಹಿಡಿದು ಓಡಾಡುವವರನ್ನು ನೋಡುತ್ತಲೇ ಇರುತ್ತೇನೆ.

ಗುಡ್ಡದ ಮಾತು ಬೇಗ ಮುಗಿಸುತ್ತೇನೆ. ನಮ್ಮ ಕೋಟೆ ಗುಡ್ಡ ಹತ್ತುವ ಗೆಳೆಯರ ಗುಂಪೊಂದಿದೆ, ಕರೆದರು, ಹೋದೆ. ಹತ್ತೋದು ಹೇಗೋ ಆಯಿತು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಮಂಡಿ ಚಿಪ್ಪಿನ ಹಿಂದೆ ಚುಚ್ಚಿತು. ಮೆಟ್ಟಿಲು ಇಳಿಯುವಾಗ ಮಂಡಿ ಮೇಲೆ ಮೈಭಾರದ ಮೂರು ಪಟ್ಟಿಗೂ ಹೆಚ್ಚು ಒತ್ತಡ ಬೀಳುತ್ತದೆ. ಅಂಜನಾದ್ರಿಯ 500ಕ್ಕೂ ಹೆಚ್ಚು ಮೆಟ್ಟಿಲನ್ನು ಹರಕೆಗೆ ಹತ್ತಿ, ವ್ಯಾಯಾಮ ಅಂತ ಲೆಕ್ಕ ಹಾಕಬೇಡಿ.

ಈಜುಕೊಳ ನಮ್ಮಿಬ್ಬರಿಗೂ ಬಹಳ ಹಿಡಿಸಿತು. ಈಜಲು ಬರಬೇಕಂತಿಲ್ಲ, ನೀರಲ್ಲಿ ನಡೆದರೆ ಸಾಕು. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲಿನ ಭಾರ ಹೆಚ್ಚುಕಮ್ಮಿ ಅರ್ಧವಾಗುತ್ತದೆ, ಎದೆಮಟ್ಟಕ್ಕೆ ಮೂರನೇ ಒಂದು ಭಾಗ. ನೆಲದ ಮೇಲೆ ಕುಂಟುವ ಅಕ್ಕ ನೀರಲ್ಲಿ ಗೋಡೆ ಹಿಡಿದು ಕಾಲನ್ನು ಮುಂದೆ, ಹಿಂದೆ, ಪಕ್ಕಕ್ಕೆ ಬೀಸುತ್ತಿದ್ದಳು. "ಏ ತಮ್ಮಾ, ಇಲ್ಲೇ ಇದ್ದುಬಿಡ್ಲಾ?" ಅಂದಳು. ಆದರೆ ಹೆಂಗಸರಿಗೆ ಬೇರೆ ಸಮಯ ಅಂತ ಇದ್ದದ್ದು ದಿನಕ್ಕೆ ಒಂದೇ ಗಂಟೆ, ಅದೂ ಆಗಾಗ ಬದಲು. ನೀರಿನ ಕೊರತೆ ಬಂದರೆ ಬಾಗಿಲು ಬಂದ್. ಒದ್ದೆ ಟೈಲ್ಸ್ ಮೇಲೆ ಜಾರುವ ಭಯ ಬೇರೆ. ಅಕ್ಕ ಸಿರುಗುಪ್ಪಕ್ಕೆ ವಾಪಸ್ ಹೋದ ಮೇಲೆ ಅದೂ ನಿಂತಿತು. ನೋವು ಜಾಸ್ತಿ ಇರುವ ಸೊಂಟದವರಿಗೆ ಶುರು ಮಾಡಲು ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ನಂಬಿ ಕೂರುವ ಹಾಗೆ ಮಾತ್ರ ಇಲ್ಲ.

ನನಗೆ ಗೆದ್ದದ್ದು ಸೈಕಲ್. ಸೆಕೆಂಡ್ ಹ್ಯಾಂಡ್ ಎಕ್ಸರ್‌ಸೈಜ್ ಸೈಕಲ್ ಒಂದನ್ನು ತಂದು ಫ್ಯಾನಿನ ಕೆಳಗೆ ಇಟ್ಟೆ. ಬಿಸಿಲು, ನಾಯಿ, ಧೂಳು ಯಾವುದರ ರಗಳೆಯೂ ಇಲ್ಲ. ಮೈಭಾರ ಸೀಟಿನ ಮೇಲಿರುತ್ತದೆ, ಮಂಡಿ ಮಾತ್ರ ಒಂದೇ ಲಯದಲ್ಲಿ ಆಡುತ್ತದೆ. ಗುಟ್ಟು ಇರುವುದು ಸೀಟಿನ ಎತ್ತರದಲ್ಲಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ಹೆಚ್ಚುಕಮ್ಮಿ ನೆಟ್ಟಗಿರಬೇಕು, ಮಂಡಿ ಸ್ವಲ್ಪವೇ ಬಾಗಿರಬೇಕು. ಸೀಟು ತಗ್ಗಿದ್ದರೆ ಮಂಡಿ ಜಾಸ್ತಿ ಮಡಚಿ, ಚಿಪ್ಪಿನ ಹಿಂದೆ ಒತ್ತುತ್ತದೆ. ಬಿಗಿ ಕಮ್ಮಿ ಇಟ್ಟು ನಿಧಾನವಾಗಿ ತುಳಿದೆ. ನಮ್ಮ ಘಟಕದ ಹುಡುಗರು "ಮಾಸ್ಟ್ರೇ, ಇವತ್ತು ಎಲ್ಲೀತನಕ ಹೋದ್ರಿ? ಹೊಸಪೇಟೆ ದಾಟಿದ್ರಾ?" ಅಂತ ಕಾಡುತ್ತಾರೆ. ಕಾಡಲಿ. ಬೆಳಗ್ಗೆ ಎದ್ದಾಗ ಮಂಡಿ ಹಿಡಿದಂತಿರುವ ಆ ಹೊತ್ತು ಮೊದಲು ಕಮ್ಮಿಯಾದದ್ದು ಸೈಕಲ್‌ನಿಂದಲೇ.

ಅದೇ ಸೈಕಲ್ ಅಕ್ಕನಿಗೆ ಆಗಿಬರಲಿಲ್ಲ. ಪೆಡಲ್ ಮೇಲೆ ಬಂದಾಗಲೆಲ್ಲ ತೊಡೆಸಂದಿನಲ್ಲಿ ಚುರುಕ್ ಅನ್ನುತ್ತಿತ್ತು. ಸೀಟು ಏರಿಸಿದರೆ ಸ್ವಲ್ಪ ವಾಸಿ, ಆದರೆ ಅಷ್ಟೆತ್ತರ ಹತ್ತಿ ಇಳಿಯುವುದೇ ಅವಳಿಗೆ ಇನ್ನೊಂದು ಕಸರತ್ತು.

ಅವಳ ಕೈ ಹಿಡಿದದ್ದು ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಒಂದು ಸಂಜೆ ಕೆಲಸ ಮುಗಿಸಿ ಹೊರಡುವ ಮುಂಚೆ ವೇಸ್ಟ್ ಆದ ಒಂದು ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಹೊಲಿದೆ. ಸಾಣಿಸಿದ ಮರಳು ಒಂದು ಕಿಲೋ ತುಂಬಿದೆ. ಒಂಟಿ ಹೊಲಿಗೆಯಾದರೆ ಸಣ್ಣ ಮರಳು ಸೋರುತ್ತದೆ, ಎರಡು ಸಲ ಹೊಲಿದು ವೆಲ್ಕ್ರೋ ಪಟ್ಟಿ ಹಚ್ಚಿದೆ. ಅದನ್ನು ಕಾಲ್ಗಂಟಿಗೆ ಸುತ್ತಿ, ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಮಾಡುವುದು, ಐದು ಎಣಿಸುವುದು, ನಿಧಾನವಾಗಿ ಇಳಿಸುವುದು. ಇದು ನನಗೆ, ತೊಡೆಯ ಮುಂಭಾಗಕ್ಕೆ. ಅಕ್ಕ ಚೀಲವಿಲ್ಲದೆ ಶುರು ಮಾಡಿದಳು. ಒಳ್ಳೆ ಕಾಲಿನ ಕಡೆ ಹೊರಳಿ ಮಲಗಿ ನೋವಿರುವ ಕಾಲನ್ನು ಪಕ್ಕಕ್ಕೆ ಎತ್ತುವುದು. ಅಂಗಾತ ಮಲಗಿ, ಮಂಡಿ ಮಡಚಿ, ಕುಂಡಿ ಮೇಲಕ್ಕೆತ್ತುವುದು. ಕಾಲನ್ನು ಪಕ್ಕಕ್ಕೆ ಎತ್ತುವ ಸೊಂಟದ ಬದಿಯ ಸ್ನಾಯುವೇ ನಡೆಯುವಾಗ ಸೊಂಟ ವಾಲದಂತೆ ಹಿಡಿಯೋದು. ಕೊನೆಗೆ ಇಬ್ಬರೂ, ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ಕೆಲವು ವಾರ ಏನೂ ಗೊತ್ತಾಗಲ್ಲ, ಬೇಜಾರು ಬರುತ್ತದೆ. ಆಮೇಲೆ ಒಂದು ದಿನ ಅಕ್ಕ ಬಸ್ಸಿನ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತಿದಳು.

ಜಿಮ್‌ಗೆ ಹೋಗುವ ನಮ್ಮ ಹುಡುಗನೊಬ್ಬ ಒಂದು ಕಿಲೋ ನೋಡಿ ನಕ್ಕ. ಜಾಸ್ತಿ ಭಾರ ಎತ್ತಿದರೆ ಜಾಸ್ತಿ ಲಾಭ ಅಂತ ಅವನ ವಾದ. 2021ರಲ್ಲಿ ಅಮೆರಿಕದ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದರದೇ ಪ್ರಯೋಗ ಬಂದಿತ್ತು. ಮಂಡಿ ಸವೆದ 377 ಜನರಲ್ಲಿ ಭಾರೀ ತೂಕ ಎತ್ತಿದವರಿಗೂ ಹಗುರ ತೂಕ ಎತ್ತಿದವರಿಗೂ 18 ತಿಂಗಳ ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭಾರ ಜಾಸ್ತಿ ಮಾಡಿದ್ದಕ್ಕೆ ಲಾಭ ಜಾಸ್ತಿಯಾಗಲಿಲ್ಲ. ಇನ್ನು 2025ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ 200ಕ್ಕೂ ಹೆಚ್ಚು ಪ್ರಯೋಗಗಳನ್ನು ಕೂಡಿಸಿ ನೋಡಿದ ಲೇಖನ ಪ್ರಕಟಿಸಿತು. ಮಂಡಿಗೆ ನಡಿಗೆ, ಸೈಕಲ್, ಈಜಿನಂಥ ಏರೋಬಿಕ್ ವ್ಯಾಯಾಮವೇ ಅದರಲ್ಲಿ ಮುಂದಿತ್ತು. ನನ್ನ ಸೈಕಲ್‌ಗೆ ಇದು ತಾಳೆಯಾಗುತ್ತದೆ. ಆದರೆ ಅದು ಮಂಡಿಯ ಲೆಕ್ಕ, ಅದನ್ನು ಅಕ್ಕನ ಸೊಂಟಕ್ಕೆ ಹಚ್ಚೋಕೆ ನಾನು ತಯಾರಿಲ್ಲ.

ಯೋಗದ ಬಗ್ಗೆ ಬಯ್ಯೋಕೂ ಇಲ್ಲ, ಹೊಗಳೋಕೂ ಇಲ್ಲ. ಊಟವಾದ ಮೇಲೆ ವಜ್ರಾಸನ ಹಾಕಿ ಅನ್ನುವ ಸಲಹೆ ಸವೆದ ಮಂಡಿಗೆ ಬೇಡವೇ ಬೇಡ. ಪದ್ಮಾಸನ ಅಕ್ಕನಿಗೆ ಬೇಡ. ಸೇತುಬಂಧ ಅಂದರೆ ಅದೇ ಕುಂಡಿ ಎತ್ತುವ ವ್ಯಾಯಾಮ, ಅದು ಇಬ್ಬರಿಗೂ ಇರಲಿ. ಕುರ್ಚಿ ಇಟ್ಟು ಕಲಿಸುವ ಗುರುಗಳು ಸಿಕ್ಕರೆ ಖಂಡಿತ ಹೋಗಿ.

ತೂಕ ಇಳಿಸೋದನ್ನೂ ಇದರ ಜೊತೆ ಇಟ್ಟುಕೊಳ್ಳಿ. ಮೈಯಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನಾನು ಮಿರ್ಚಿ ಬಜ್ಜಿ ಕಮ್ಮಿ ಮಾಡಿದ್ದು ಈ ಲೆಕ್ಕ ಕೇಳಿಯೇ.

ಯಾವುದನ್ನೇ ಮಾಡಿ, ನೋವಿನ ಅಳತೆ ನಿಮ್ಮ ಕೈಯಲ್ಲಿರಲಿ. ಹತ್ತರಲ್ಲಿ ಐದರವರೆಗೆ ನೋವು ಬಂದರೆ ಪರವಾಗಿಲ್ಲ, ಮಾರನೆ ದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಸ್ವಲ್ಪ ಕಮ್ಮಿ ಮಾಡಿ, ಬಿಟ್ಟುಬಿಡಬೇಡಿ. ಆದರೆ ಕೀಲು ಬಿಸಿಯಾಗಿ ಕೆಂಪಾದರೆ, ಇದ್ದಕ್ಕಿದ್ದಂತೆ ಊದಿಕೊಂಡರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅದು ಬೇರೆ ವಿಷಯ. ಅಂಥದ್ದಕ್ಕೆ ಸೈಕಲ್ಲೂ ಬೇಡ, ಮರಳು ಚೀಲವೂ ಬೇಡ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.