ಏಪ್ರಿಲ್‌ನಲ್ಲಿ ಒಣಗಿದ್ದ ಗೋಡೆ: ಕುಂದಾಪುರದ ಫ್ಲ್ಯಾಟಿಗೆ ಮಾಡಿಸಿದ ಮನೆ ತಪಾಸಣೆ

ಕುಂದಾಪುರ ಪೇಟೆಯಲ್ಲಿ ಒಂಬತ್ತು ವರ್ಷ ಹಳೆಯದಾದ ಕಟ್ಟಡವೊಂದರ ಕೊನೆಯ ಮಹಡಿಯ ಫ್ಲ್ಯಾಟನ್ನು ಅಪ್ಪ-ಅಮ್ಮನಿಗಾಗಿ ಕೊಳ್ಳುವ ಮುನ್ನ, ಕಳೆದ ಏಪ್ರಿಲ್‌ನಲ್ಲಿ, ಬೆಂಗಳೂರಿನ ಮನೆ ತಪಾಸಣಾ ಸೇವೆಯೊಂದನ್ನು ಕರೆಸಿದ್ದೆವು. ಪ್ರಯಾಣದ ಖರ್ಚೂ ಸೇರಿ 16,000 ರೂಪಾಯಿ ಕೊಟ್ಟೆವು. ಆಸಾಡಿ ಅಮಾವಾಸ್ಯೆ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ವರದಿ ಕೈಸೇರಿದ ದಿನವೇ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವ ಕೊರತೆ ಒಬ್ಬರದ್ದಲ್ಲ, ಮಹಾನಗರದ ಹೊಸ ಫ್ಲ್ಯಾಟುಗಳಿಗಾಗಿ ಸಿದ್ಧಪಡಿಸಿದ ಪಟ್ಟಿಯನ್ನು ಹಾಗೆಯೇ ಹೊತ್ತುಕೊಂಡು ಕರಾವಳಿಯ ಸಣ್ಣ ಊರಿಗೆ ಬರುವ ಪದ್ಧತಿಯದ್ದು.

ಪಂಚಗಂಗಾವಳಿ, ಕೋಡಿಯ ಹಿನ್ನೀರು, ಕಡಲು ಎಂದು ಮೂರು ಕಡೆಯೂ ನೀರಿರುವ ಊರಿದು. ಪೇಟೆಯೊಳಗೆ ಜಾಗ ಕಡಿಮೆಯಾದ್ದರಿಂದ ಹೊಸ ಕಟ್ಟಡಗಳು ಹೆದ್ದಾರಿ 66ರ ಅಂಚಿನಲ್ಲಿ ಹಂಗಳೂರು, ಕೋಟೇಶ್ವರದ ಕಡೆಗೆ ಚಾಚಿಕೊಂಡಿವೆ. ಫ್ಲ್ಯಾಟು ಕೊಳ್ಳುವವರಲ್ಲಿ ಬೆಂಗಳೂರು, ಮುಂಬೈಗಳಲ್ಲಿ ಹೋಟೆಲು ನಡೆಸುವವರಿದ್ದಾರೆ, ಕೊಲ್ಲಿ ದೇಶಗಳಲ್ಲಿ ದುಡಿಯುವವರಿದ್ದಾರೆ. ಹಟ್ಟಿ, ತೋಟ, ಬಾವಿಯ ಹಗ್ಗ ಇವನ್ನೆಲ್ಲ ನಿಭಾಯಿಸಲಾಗದ ಹಿರಿಯರನ್ನು ಆಸ್ಪತ್ರೆಗೂ ಔಷಧದಂಗಡಿಗೂ ಹತ್ತಿರ ತಂದಿರಿಸಲು ಬಯಸುವ ನಮ್ಮಂಥ ಮಕ್ಕಳೂ ಇದ್ದಾರೆ. ಹೀಗಾಗಿ ಸಂಜೆ ಏಳು ಗಂಟೆಗೆ ರಸ್ತೆಯಲ್ಲಿ ನಿಂತು ನೋಡಿದರೆ, ನಾವು ಕೊಂಡ ಕಟ್ಟಡದ 18 ಮನೆಗಳ ಪೈಕಿ ಏಳರಲ್ಲಿ ಮಾತ್ರ ದೀಪ ಕಾಣುತ್ತದೆ. ಈ ಕತ್ತಲೆಯ ಕಿಟಕಿಗಳಿಗೂ ನಮ್ಮ ಗೋಡೆಗೂ ಸಂಬಂಧವಿದೆಯೆಂದು ಆಗ ಹೊಳೆದಿರಲಿಲ್ಲ.

ತಪಾಸಣೆಗೆ ಬಂದ ಯುವಕ ಶಿಸ್ತಿನವನು. ಮಧ್ಯಾಹ್ನ ಮೂರರಿಂದ ಆರೂವರೆಯವರೆಗೆ ಕುಳಿತುಕೊಳ್ಳದೆ ಕೆಲಸ ಮಾಡಿದ. ನೆಲದ ಪ್ರತಿಯೊಂದು ಟೈಲನ್ನೂ ಕೋಲಿನಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆಗೆಲ್ಲ ಬಣ್ಣದ ಚೀಟಿ ಅಂಟಿಸಿದ. ಬಚ್ಚಲಿನ ನೆಲಕ್ಕೆ ಬಕೆಟ್ ನೀರು ಸುರಿದು, ಅದು ಜಾಲರಿಯ ಕಡೆಗೆ ಹೋಗುವ ಬದಲು ಬಾಗಿಲ ಮೂಲೆಗೆ ಬಂದು ನಿಲ್ಲುವುದನ್ನು ನಮಗೆ ತೋರಿಸಿದ. ಅವನ ಅತ್ಯಂತ ಉಪಯುಕ್ತ ಶೋಧ ವಿದ್ಯುತ್ತಿನದು. ವಿತರಣಾ ಪೆಟ್ಟಿಗೆಯಲ್ಲಿ, ತಂತಿಯಲ್ಲಿ ಕರೆಂಟು ಮಿತಿಮೀರಿದಾಗ ಸಂಪರ್ಕ ಕಡಿಯುವ ಎಂಸಿಬಿಗಳು ಸಾಲಾಗಿ ಇದ್ದವು, ಆದರೆ ಸೋರಿಕೆ ಕರೆಂಟನ್ನು ಗುರುತಿಸಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇ ಇಲ್ಲ; ಗೀಸರಿನ ಸಾಕೆಟ್ಟಿಗೆ ಅರ್ತಿಂಗ್ ತಂತಿಯೂ ಸೇರಿರಲಿಲ್ಲ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ ಎಂಬುದನ್ನು ಎಪ್ಪತ್ತು ದಾಟಿದ ಅಪ್ಪನಿಗೆ ಅವನು ಎರಡೇ ಮಾತಿನಲ್ಲಿ ಅರ್ಥಮಾಡಿಸಿದ. ಊರಿನ ಎಲೆಕ್ಟ್ರಿಶಿಯನ್ ಒಂದೇ ದಿನದಲ್ಲಿ ಎರಡನ್ನೂ ಸರಿಪಡಿಸಿಕೊಟ್ಟರು. ಕೊಟ್ಟ ಹಣದ ಅರ್ಧ ಅಲ್ಲಿಗೇ ಸಂದಿತೆಂದು ನಾನು ತಿಳಿಯುತ್ತೇನೆ. ಆದರೂ ಅವನ ಬಳಿಯಿದ್ದ ಮೂರು ದೀಪಗಳ ಪ್ಲಗ್ಗು ಅರ್ತಿಂಗ್ ತಂತಿ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ನೆಲದಲ್ಲಿ ಹೂತ ಅರ್ತಿಂಗ್ ಗುಂಡಿಯ ರೋಧವನ್ನು ಅಳೆಯುವುದಿಲ್ಲ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ನೆಲ ಬೇಸಿಗೆಯಲ್ಲಿ ಒಣಗಿದಾಗ ಆ ರೋಧ ಏರುತ್ತದೆಂಬುದನ್ನು ನಮಗೆ ತಿಳಿಸಿದ್ದು ಎಲೆಕ್ಟ್ರಿಶಿಯನ್ನರೇ.

ಲೇಸರ್ ಅಳತೆಯೂ ಕಣ್ಣು ತೆರೆಸಿತು. ದಲ್ಲಾಳಿ 1,150 ಚದರ ಅಡಿಯೆಂದು ಹೇಳಿದ ಮನೆಯ ಕಾರ್ಪೆಟ್ ವಿಸ್ತೀರ್ಣ, ಅಂದರೆ ಒಳಗೆ ಬಳಕೆಗೆ ಸಿಗುವ ಜಾಗ, 860 ಚದರ ಅಡಿ ಬಂತು. ಉಳಿದ 290 ಅಡಿ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲಂತೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಕಾರ್ಪೆಟ್ ವಿಸ್ತೀರ್ಣವೆಂದರೆ ಏನೆಂದು ಸ್ಪಷ್ಟವಾಗಿ ಹೇಳಿ, ನಿರ್ಮಾಣದಾರರು ಅದನ್ನು ಪ್ರಕಟಿಸಲೇಬೇಕೆಂದು ವಿಧಿಸಿದೆ. ಆದರೆ ಮರುಮಾರಾಟದ ಮನೆಗೆ ಈ ಕಟ್ಟುಪಾಡು ಅನ್ವಯಿಸುವುದಿಲ್ಲ. ಅದರಲ್ಲೂ 500 ಚದರ ಮೀಟರಿಗೆ ಮೀರದ ಜಾಗದಲ್ಲಿ ಅಥವಾ ಎಂಟಕ್ಕೆ ಮೀರದ ಮನೆಗಳೊಂದಿಗೆ ಕಟ್ಟುವ ಯೋಜನೆಗಳಿಗೆ ನೋಂದಣಿಯಿಂದಲೇ ವಿನಾಯಿತಿ ಇರುವುದರಿಂದ, ಸಣ್ಣ ಊರುಗಳ ಸಣ್ಣ ಕಟ್ಟಡಗಳು ಅದರ ಬಲೆಯಿಂದ ಸುಲಭವಾಗಿ ಜಾರಿಕೊಳ್ಳುತ್ತವೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಣಿಸಿಕೊಂಡ ರಚನಾ ದೋಷವನ್ನು ತಿಳಿಸಿದ 30 ದಿನಗಳಲ್ಲಿ ನಿರ್ಮಾಣದಾರರು ಪುಕ್ಕಟೆಯಾಗಿ ಸರಿಪಡಿಸಬೇಕೆಂಬ 14ನೆಯ ಕಲಮಿನ ನಿಯಮವೂ ಒಂಬತ್ತು ವರ್ಷದ ಕಟ್ಟಡಕ್ಕೆ ಪ್ರಯೋಜನವಿಲ್ಲ. ಹೊಸ ಫ್ಲ್ಯಾಟಿಗೆ ತಪಾಸಣಾ ವರದಿಯೆಂದರೆ ನಿರ್ಮಾಣದಾರರ ಮುಂದಿಡಬಹುದಾದ ದಾಖಲೆ. ಹಳೆಯ ಫ್ಲ್ಯಾಟಿಗೆ ಅದು ಕೊಳ್ಳುವವನ ಸ್ವಂತ ತಿಳಿವಳಿಕೆ ಮಾತ್ರ, ಹಾಗಾಗಿ ಅದರಲ್ಲಿ ಏನು ಬರೆದಿಲ್ಲ ಎಂಬುದೇ ದುಬಾರಿಯಾಗುತ್ತದೆ.

ವರದಿ 46 ಪುಟಗಳಷ್ಟಿತ್ತು. ತೇವಾಂಶದ ವಿಭಾಗದಲ್ಲಿ ಮಲಗುವ ಕೋಣೆಯ ಪಡುಗೋಡೆಯ ಮುಂದೆ ಹಸಿರು ಬಣ್ಣದಲ್ಲಿ ‘ಸಾಮಾನ್ಯ’ ಎಂದು ನಮೂದಾಗಿತ್ತು. ಜೂನ್ ಮೊದಲ ವಾರದಲ್ಲಿ ಒಕ್ಕಲಾದೆವು. ಮಳೆ ಹಿಡಿದು ಹತ್ತು ದಿನ ಆಗುವಷ್ಟರಲ್ಲಿ ಅದೇ ಗೋಡೆಯಲ್ಲಿ ತೊಲೆಯ ಕೆಳಗೆ ಅಡ್ಡಕ್ಕೆ ಒಂದು ಗೆರೆ ಮೂಡಿ, ಗೆರೆಯಿಂದ ಕೆಳಕ್ಕೆ ಕಲೆ ಇಳಿದು, ಜುಲೈ ಕೊನೆಗೆ ಬಣ್ಣ ಉಬ್ಬಿ ಉದುರತೊಡಗಿತು. ಅಮ್ಮ ಮಂಚವನ್ನು ಮೂಡುಗೋಡೆಗೆ ಎಳೆಸಿಕೊಂಡು, ಹಳ್ಳಿ ಮನೆಯಲ್ಲಿ ಈ ಹೊತ್ತಿಗೆ ಪಡುಭಾಗಕ್ಕೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟಿ ಆಗುತ್ತಿತ್ತು ಎಂದಳು.

ಆ ಮಾತಿನಲ್ಲಿ ಇಡೀ ವರದಿಗಿಂತ ಹೆಚ್ಚು ಕಟ್ಟಡಶಾಸ್ತ್ರವಿತ್ತು. ಇಲ್ಲಿನ ಮಳೆ ಮೇಲಿನಿಂದ ಬೀಳುವುದಕ್ಕಿಂತ ಹೆಚ್ಚಾಗಿ ಪಡುಗಾಳಿಯೊಂದಿಗೆ ಅಡ್ಡಕ್ಕೆ ಬಂದು ಗೋಡೆಗೆ ಬಡಿಯುತ್ತದೆ. ಹಂಚಿನ ಮನೆಗಳು ಇಳಿಮಾಡನ್ನು ಉದ್ದಕ್ಕೆ ಚಾಚಿ, ಸಾಲದಿದ್ದಲ್ಲಿ ತಟ್ಟಿ ಕಟ್ಟಿ ಗೋಡೆಯನ್ನು ಕಾಪಾಡಿಕೊಂಡು ಬಂದಿವೆ. ಫ್ಲ್ಯಾಟಿಗೆ ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜಾ ಬಿಟ್ಟರೆ ಬೇರೆ ಮರೆಯಿಲ್ಲ. ಕಾಂಕ್ರೀಟಿನ ತೊಲೆ, ಕಂಬಗಳ ನಡುವೆ ಕೆಂಪುಕಲ್ಲನ್ನು ತುಂಬಿ ಗೋಡೆ ಎಬ್ಬಿಸುತ್ತಾರೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗುವ ಪ್ರಮಾಣ ಬೇರೆ, ಕಲ್ಲು ಹಿಗ್ಗುವ ಪ್ರಮಾಣ ಬೇರೆಯಾದ್ದರಿಂದ, ಎರಡೂ ಸೇರುವಲ್ಲಿ ಜಾಲರಿ ಹೊದಿಸದೆ ಗಾರೆ ಮಾಡಿದ್ದರೆ ಕೂದಲೆಳೆಯಂಥ ಬಿರುಕು ಬಿಟ್ಟೇ ಬಿಡುತ್ತದೆ. ಅಲ್ಲಿಂದ ಒಳಹೊಕ್ಕ ನೀರನ್ನು ರಂಧ್ರಗಳಿಂದ ತುಂಬಿದ ಮುರಕಲ್ಲು ಹೀರಿಕೊಂಡು ವಾರಗಟ್ಟಲೆ ಹಿಡಿದಿಡುತ್ತದೆ. ಏಪ್ರಿಲ್‌ನಲ್ಲಿ ಆ ಬಿರುಕು ಇದ್ದೇ ಇತ್ತು, ನೀರು ಮಾತ್ರ ಇರಲಿಲ್ಲ. ಉಷ್ಣಚಿತ್ರ ತೆಗೆಯುವ ಕ್ಯಾಮೆರಾ ಗೋಡೆಯ ಒಳಗನ್ನು ನೋಡುವುದಿಲ್ಲ, ಮೇಲ್ಮೈಯ ತಾಪದ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಆರುತ್ತಿರುವ ನೀರು ಗೋಡೆಯನ್ನು ತಂಪು ಮಾಡಿದಾಗ ಮಾತ್ರ ಅದಕ್ಕೆ ತೇವ ಕಾಣುತ್ತದೆ. ನಾಲ್ಕು ತಿಂಗಳು ಒಣಗಿದ ಪಡುಗೋಡೆಗೆ ಇಳಿಬಿಸಿಲು ನೇರ ಬೀಳುತ್ತಿದ್ದ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದರೆ ಏನೂ ಕಾಣದಿರುವುದು ಸಹಜ. ಹೊರಗಿನಿಂದ ಒಂದು ತಾಸು ಪೈಪಿನಲ್ಲಿ ನೀರು ಹಾಯಿಸಿ ಪರೀಕ್ಷಿಸಬಹುದೇ ಎಂದು ನಾನೇ ಕೇಳಿದ್ದೆ. ಅದು ಪಟ್ಟಿಯಲ್ಲಿಲ್ಲ, ಹೊರಗೋಡೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು.

ಹೊರಗೋಡೆ ಹಾಗಾದರೆ ಯಾರ ವ್ಯಾಪ್ತಿಗೆ ಬರುತ್ತದೆ? ಫ್ಲ್ಯಾಟಿನಲ್ಲಿ ಗೋಡೆಯ ಒಳಮೈ ನಮ್ಮದು, ಹೊರಮೈ ಎಲ್ಲರದ್ದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಘೋಷಣಾ ಪತ್ರ ನೋಂದಣಿಯಾಗಿ ಮಾಲೀಕರ ಸಂಘವೊಂದು ಇದ್ದಿದ್ದರೆ ಬಣ್ಣ, ಬಿರುಕು, ಜಲನಿರೋಧಕ ಲೇಪನಗಳ ಹೊಣೆ ಅದರದ್ದಾಗುತ್ತಿತ್ತು. ನಮ್ಮ ಕಟ್ಟಡದಲ್ಲಿ ಅಂಥ ಸಂಘವಿಲ್ಲ. ಕೆಳಮಹಡಿಯ ನಿವೃತ್ತ ಮೇಷ್ಟ್ರೊಬ್ಬರು ತಿಂಗಳಿಗೆ 1,200 ರೂಪಾಯಿ ವಸೂಲಿ ಮಾಡಿ ಲಿಫ್ಟು, ಪಂಪು, ಕಾವಲುಗಾರನ ಸಂಬಳ ನೋಡಿಕೊಳ್ಳುತ್ತಾರೆ. ಕತ್ತಲೆಯ ಕಿಟಕಿಗಳ ಮಾಲೀಕರಲ್ಲಿ ಹಲವರು ಅದನ್ನೂ ಕೊಡುವುದಿಲ್ಲ, ವಾಸವಿಲ್ಲದ ಮನೆಗೆ ಏಕೆ ಕೊಡಬೇಕೆಂಬುದು ಅವರ ವಾದ. ಒಂಬತ್ತು ವರ್ಷಗಳಲ್ಲಿ ಹೊರಗೋಡೆಗೆ ಒಮ್ಮೆಯೂ ಬಣ್ಣ ಬಿದ್ದಿಲ್ಲ. ತಪಾಸಣೆಗೆ ಬಂದವನು ಮೇಷ್ಟ್ರ ಬಾಗಿಲು ತಟ್ಟಿ ಹತ್ತು ನಿಮಿಷ ಮಾತಾಡಿಸಿದ್ದರೆ ಇಷ್ಟೂ ತಿಳಿಯುತ್ತಿತ್ತು. ನಾವೂ ತಟ್ಟಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಬಾಲ್ಕನಿಯ ತೊಲೆಯ ತಳದಲ್ಲಿ ಸರಳಿನ ಉದ್ದಕ್ಕೇ ಓಡಿದ್ದ ಬಿರುಕನ್ನು, ಅದರಿಂದ ಇಳಿದ ತುಕ್ಕಿನ ಕಲೆಯ ಸಮೇತ, ವರದಿ ‘ಮೇಲ್ನೋಟದ ದೋಷ’ದ ಸಾಲಿಗೆ ಸೇರಿಸಿದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟು ಬಿಡುವ ಬಿರುಕು ಹೀಗೆಯೇ ಇರುತ್ತದೆ. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456, ಸೌಮ್ಯ ಪರಿಸರದಲ್ಲಿ ಸರಳಿನ ಮೇಲೆ 20 ಮಿಲಿಮೀಟರ್ ಹೊದಿಕೆ ಸಾಕೆಂದರೆ, ತೀವ್ರ ಪರಿಸರಕ್ಕೆ 45 ಮಿಲಿಮೀಟರ್ ಬೇಕೆನ್ನುತ್ತದೆ. ಉಪ್ಪುಗಾಳಿಯ ಊರಿನಲ್ಲಿ ತುಕ್ಕಿನ ಕಲೆಯನ್ನು ಟೈಲಿನ ಗೀರಿನ ಪಕ್ಕದಲ್ಲಿ ಕೂರಿಸುವುದು ನನಗೆ ಸರಿಕಾಣಲಿಲ್ಲ. ಇದಕ್ಕೆ ವಿರುದ್ಧವಾಗಿ, ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಹೊದಿಸಿದ ಶೀಟಿನ ಮಾಡನ್ನು ವರದಿ ಕೆಂಪು ಬಣ್ಣದಲ್ಲಿ ‘ನಕ್ಷೆಯಲ್ಲಿಲ್ಲದ ನಿರ್ಮಾಣ’ವೆಂದು ಗುರುತಿಸಿ ಎಚ್ಚರಿಸಿದೆ. ನಿಯಮದ ದೃಷ್ಟಿಯಿಂದ ಆ ಮಾತು ತಪ್ಪಲ್ಲ. ಆದರೆ ಕರಾವಳಿಯಲ್ಲಿ ಕೊನೆಯ ಮಹಡಿಯ ಮನೆ ನೋಡಲು ಹೋದವರು ಮೊದಲು ಕೇಳುವುದೇ ಮೇಲೆ ಶೀಟು ಹಾಕಿದ್ದಾರೆಯೇ ಎಂದು. ಇಷ್ಟು ಮಳೆಯಲ್ಲೂ ನಮ್ಮ ಸೂರಿನಿಂದ ಒಂದು ಹನಿ ಇಳಿದಿಲ್ಲವೆಂದರೆ ಅದಕ್ಕೆ ಆ ಶೀಟೇ ಕಾರಣ. ಇಡೀ ಕಟ್ಟಡದಲ್ಲಿ ನಮ್ಮ ಪಾಲಿಗೆ ಅತಿ ಹೆಚ್ಚು ಉಪಕಾರ ಮಾಡಿದ ವಸ್ತು ವರದಿಯಲ್ಲಿ ಅತಿ ದೊಡ್ಡ ದೋಷವಾಗಿ ಕುಳಿತಿದೆ.

ವರದಿ ಹಿಡಿದು ಬೆಲೆ ಇಳಿಸಬಹುದೆಂದು ಸಂಸ್ಥೆಯ ಜಾಹೀರಾತು ಹೇಳುತ್ತದೆ. ವಾರಕ್ಕೆ ಹತ್ತಾರು ಫ್ಲ್ಯಾಟು ಕೈಬದಲಾಗುವ ನಗರದಲ್ಲಿ ಅದು ನಿಜವಿರಬಹುದು. ಇಲ್ಲಿ ಹೋಲಿಸಿ ನೋಡಲು ಅದೇ ಕಟ್ಟಡದಲ್ಲಿ ಎರಡು ವರ್ಷದ ಹಿಂದೆ ನಡೆದ ಒಂದು ಮಾರಾಟವಷ್ಟೇ ಸಿಗುತ್ತದೆ, ಅದರ ನಿಜವಾದ ಮೊತ್ತವೂ ಪತ್ರದಲ್ಲಿರುವ ಮೊತ್ತವೂ ಒಂದೇ ಎಂದು ಯಾರೂ ಆಣೆ ಮಾಡುವುದಿಲ್ಲ. ಮಾರುವವರು ಮುಂಬೈಯಲ್ಲಿದ್ದು, ಅವರಿಗೆ ಅವಸರವಿರಲಿಲ್ಲ. ಖಾಲಿ ಬಿಟ್ಟರೂ ಮನೆ ಹಾಗೆಯೇ ಇರುತ್ತದೆಂಬ ನಂಬಿಕೆ. ದಲ್ಲಾಳಿ ಅಮ್ಮನ ತವರಿನ ಕಡೆಯವರು. 46 ಪುಟಗಳನ್ನು ತಿರುವಿ ಹಾಕಿ, ‘ಮನಿ ತೋರ್ಸುಕೆ ಬೆಂಗ್ಳೂರಿಂದ ಜನ ಕರ್ಸುದಾ ಮಾರಾಯ್ರೆ’ ಎಂದು ನಕ್ಕು, ಅಡುಗೆಮನೆ ಆಗ್ನೇಯದಲ್ಲಿದೆಯಲ್ಲ, ಇನ್ನೇನು ಬೇಕು ಎಂದರು. ಕೊನೆಗೆ 42 ಲಕ್ಷದಲ್ಲಿ 40,000 ರೂಪಾಯಿ ಇಳಿದದ್ದು ಬಚ್ಚಲಿನ ನೆಲ ಮತ್ತೆ ಮಾಡಿಸುವ ಲೆಕ್ಕದಲ್ಲಿ. ಪಡುಗೋಡೆಯ ದೋಷ ವರದಿಯಲ್ಲಿದ್ದಿದ್ದರೆ ಇನ್ನೊಂದು ಲಕ್ಷವಾದರೂ ಕೇಳುತ್ತಿದ್ದೆವು. ಕೊಡುತ್ತಿದ್ದರೇ ಎಂಬುದು ಬೇರೆ ಮಾತು.

ವಾಸಯೋಗ್ಯತಾ ಪತ್ರ, ಖಾತೆ, ಋಣಭಾರ ಪತ್ರಗಳನ್ನು ಈ ಸೇವೆ ಮುಟ್ಟುವುದಿಲ್ಲ, ಅದಕ್ಕೆ ವಕೀಲರೇ ಬೇಕು. ಅದನ್ನು ಅವರು ಮೊದಲೇ ಹೇಳಿದ್ದರು, ಹಾಗಾಗಿ ತಕರಾರಿಲ್ಲ. ನಮ್ಮಲ್ಲಿ ಮನೆ ತಪಾಸಕರಿಗೆ ಪರವಾನಗಿ ಕೊಡುವ ಕಾನೂನೂ ಇಲ್ಲ. ಬಂದವನು ಯಾವ ಊರಿನ ಯಾವ ಮಳೆ ಕಂಡವನೆಂದು ಕೇಳಿ ತಿಳಿದುಕೊಳ್ಳುವ ಕೆಲಸ ಹಣ ಕೊಡುವವರದ್ದೇ. ವಿದ್ಯುತ್ತು, ಅಳತೆ, ನೆಲದ ಕೆಲಸಕ್ಕೆ ನಾಲ್ಕು ನಕ್ಷತ್ರ, ನೀರಿನ ವಿಷಯಕ್ಕೆ ಒಂದು. ಒಟ್ಟಾರೆ ಎರಡೂವರೆ ಕೊಡುತ್ತೇನೆ.

ಜುಲೈ ಕೊನೆಯಲ್ಲಿ ಗೋಡೆಯ ಚಿತ್ರಗಳನ್ನು ವರದಿಯ ಪುಟದ ಜೊತೆಗಿಟ್ಟು ಸಂಸ್ಥೆಗೆ ಕಳಿಸಿದೆ. ಎರಡೇ ದಿನದಲ್ಲಿ ಮರ್ಯಾದೆಯ ಉತ್ತರ ಬಂತು. ತಪಾಸಣೆಯ ದಿನ ಕಂಡ ಸ್ಥಿತಿಗಷ್ಟೇ ವರದಿ ಅನ್ವಯಿಸುತ್ತದೆಂದು ಮೊದಲು ಸ್ಪಷ್ಟಪಡಿಸಿ, ಆದರೂ ಗ್ರಾಹಕರ ಸಮಾಧಾನಕ್ಕಾಗಿ ತಮ್ಮ ತಜ್ಞರೊಬ್ಬರನ್ನು ಇನ್ನೊಮ್ಮೆ ಉಚಿತವಾಗಿ ಕಳಿಸಿಕೊಡುವುದಾಗಿ ತಿಳಿಸಿದ್ದರು: ಅಕ್ಟೋಬರ್ ಕೊನೆಯಲ್ಲಿ, ಮಳೆ ಪೂರ್ತಿ ನಿಂತ ಮೇಲೆ.