ಮೊದಲ ಓದಿಗೆ ಯಾವುದು: ಮಾಕಿಂಗ್‌ಬರ್ಡೋ, ಹಕಲ್‌ಬೆರಿ ಫಿನ್ನೋ?

ಮುಂಬೈನ ಡೊಂಬಿವಲಿ ಲೋಕಲ್ ರೈಲಿನಲ್ಲಿ ಕೂತು ಓದುವ ಕನ್ನಡಿಗರು ಹಾರ್ಪರ್ ಲೀಯವರ 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ನಿಂದಲೇ ಶುರುಮಾಡಿ. ಒಟ್ಟು 31 ಅಧ್ಯಾಯ. ಹೋಗುವಾಗ ಒಂದು, ಬರುವಾಗ ಒಂದು ಎಂದರೆ ಹದಿನಾರು ದಿನ. ಕೈಬಿಡುವ ಅಪಾಯವಿರುವುದು ಮೊದಲ ಭಾಗದಲ್ಲಿ: 11 ಅಧ್ಯಾಯಗಳ ತುಂಬ ಮಕ್ಕಳ ಆಟ, ನೆರೆಮನೆಯ ಕುತೂಹಲ. ತಾಳ್ಮೆಯಿರಲಿ, 17ರಿಂದ ಬಿಳಿಯ ಹುಡುಗಿಯೊಬ್ಬಳ ಮೇಲಿನ ಅತ್ಯಾಚಾರದ ಆರೋಪದ ವಿಚಾರಣೆ. ಹುಡುಗಿಗೆ ಏಟು ಬಿದ್ದದ್ದು ಮುಖದ ಬಲಭಾಗಕ್ಕೆ, ಅಂದರೆ ಎದುರಿದ್ದವನು ಎಡಗೈಯಿಂದ ಹೊಡೆದಿರಬೇಕು. ಕಪ್ಪುವರ್ಣೀಯ ಆರೋಪಿ ಟಾಮ್‌ನ ಎಡಗೈಗೋ ಶಕ್ತಿಯೇ ಇಲ್ಲ. ಇಷ್ಟು ಕಣ್ಣೆದುರಿಗಿದ್ದೂ ಜ್ಯೂರಿ ಕೊಡುವ ತೀರ್ಪು ಓದಿದರೆ ಹೊಟ್ಟೆ ಉರಿಯುತ್ತದೆ.

ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ ಇನ್ನೂ ಆಳ, ಆದರೆ ಕಷ್ಟ. ಆಡುಮಾತಿಗೆ ತಕ್ಕಂತೆ ಕಾಗುಣಿತವನ್ನೇ ಮುರಿದಿದ್ದಾನೆ. ಓಡಿಬಂದ ಗುಲಾಮ ಜಿಮ್‌ನ ಮಾತನ್ನು ಬಾಯಿಬಿಟ್ಟು ಓದಿದರಷ್ಟೇ ಅರ್ಥ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಗಾಡಿಗಲ್ಲ, ಮನೆಗೆ. ಜನಾಂಗೀಯ ಬೈಗುಳ 200ಕ್ಕೂ ಹೆಚ್ಚು ಸಲ ಬರುತ್ತದೆ. ಮಕ್ಕಳ ಕೈಗೆ ಕೊಡುವ ಮುಂಚೆ ಅದೇಕೆ ಅಲ್ಲಿದೆ ಎಂದು ಕೂರಿಸಿಕೊಂಡು ಹೇಳಿ.